ಬೈಂದೂರಿನ ಬಸ್ಸಿಗೆ ಹೊಂದಿದ ಎರಡು ಕಂತು

ಕೊಲೊನೋಸ್ಕೋಪಿ ಎಂದರೆ ದೊಡ್ಡಕರುಳಿನೊಳಗೆ ಕ್ಯಾಮೆರಾ ಕೊಳವೆ ಹಾಕಿ ನೋಡುವ ಪರೀಕ್ಷೆ. ಅದಕ್ಕೆ ಮೊದಲು ಕರುಳು ತೊಳೆಯುವ ಪಿಇಜಿ ದ್ರಾವಣವನ್ನು ಹಿಂದಿನ ಸಂಜೆ, ಅಂದು ಬೆಳಿಗ್ಗೆ ಎಂದು ಎರಡು ಕಂತಿನಲ್ಲಿ ಕುಡಿಸುವುದು ಹೊಸದೇನಲ್ಲ. ಆದರೆ "ಅದು ಪೇಟೆಯವರಿಗೆ ಸರಿ, ಬೆಳಿಗ್ಗೆ ಕುಡಿದು ಬೈಂದೂರಿನಿಂದ ಬಸ್ಸು ಹತ್ತಿ ಬರುವವರಿಗೆ ಆಗದು" ಎಂದೇ ನಮ್ಮ ಘಟಕದಲ್ಲಿ ಎಲ್ಲರೂ ಹೇಳುತ್ತಿದ್ದರು. ಉಡುಪಿಯ ಆಸ್ಪತ್ರೆಯೊಂದರಲ್ಲಿ ಕೊಲೊನೋಸ್ಕೋಪಿಯ ತಯಾರಿ ನೋಡಿಕೊಳ್ಳುವ ನರ್ಸ್ ನಾನು. ಈಗ ಅದೇ ಬೈಂದೂರಿನವರು ಕರುಳು ಎಷ್ಟು ಶುಚಿಯಾಗಿದೆ ಎಂದು ಅಳೆಯುವ ಬಾಸ್ಟನ್ ಮಾಪನದ 9ರಲ್ಲಿ 8 ಅಂಕ ತೆಗೆಯುತ್ತಿದ್ದಾರೆ.

ಮೊದಲು 2 ಲೀಟರನ್ನೂ ಹಿಂದಿನ ಸಂಜೆಯೇ ಕುಡಿಸುತ್ತಿದ್ದೆವು. ಮರುದಿನ ಮಧ್ಯಾಹ್ನದೊಳಗೆ ಸಣ್ಣಕರುಳಿನಿಂದ ಇಳಿದ ಪಿತ್ತರಸ ದೊಡ್ಡಕರುಳಿನ ಬಲಭಾಗದ ಗೋಡೆಗೆ ಅಂಟಿಕೊಳ್ಳುತ್ತಿತ್ತು. ಚಪ್ಪಟೆ ಪಾಲಿಪ್ (ಗೋಡೆಯಲ್ಲಿ ಬೆಳೆಯುವ ಸಣ್ಣ ಗಡ್ಡೆ) ಇದ್ದರೂ ಕಾಣಬೇಕಲ್ಲ! ಪರೀಕ್ಷೆ ಮತ್ತೊಮ್ಮೆ ಎಂದಾದರೆ ದ್ರಾವಣದ ಪುಡಿಯ 300–400 ರೂಪಾಯಿ ದೊಡ್ಡದಲ್ಲ. ಕೆಲವು ಸಾವಿರದ ಶುಲ್ಕ, ಮಲ್ಪೆಯಲ್ಲಿ ಬೋಟಿಗೆ ಹೋಗುವವರ ದುಡಿಮೆ, ಜೊತೆಗೆ ಬಂದವರ ಕೂಲಿ ಎಲ್ಲವೂ ಹೋಗುತ್ತಿತ್ತು. ಕೆಲವರು ಎರಡನೆಯ ಸಲ ಬರುತ್ತಲೇ ಇರಲಿಲ್ಲ.

ನಾನು ಬದಲಿಸಿದ್ದು ಪರೀಕ್ಷೆಯ ಹೊತ್ತನ್ನು. ಬೆಳಗಿನ ಸರದಿ ಊರಿನವರಿಗೆ, ಮಧ್ಯಾಹ್ನ 1ರ ನಂತರದ್ದು ದೂರದವರಿಗೆ. ಹಿಂದಿನ ಸಂಜೆ 1 ಲೀಟರ್, ಅಂದು ಬೆಳಿಗ್ಗೆ 7ಕ್ಕೆ ಇನ್ನೊಂದು, 8ಕ್ಕೆ ಮುಗಿಯಬೇಕು. 10ರ ಹೊತ್ತಿಗೆ ಹೊಟ್ಟೆ ತಣ್ಣಗಾಗಿ ಬಸ್ಸು ಹತ್ತುತ್ತಾರೆ. ದಾರಿಯಲ್ಲಿ ಇಳಿಯಬೇಕಾಗಿ ಬಂದವರು ನನಗೆ ನೆನಪಿರುವಂತೆ ಬೆರಳೆಣಿಕೆಯಷ್ಟು.

ಊಟದ್ದೇ ದೊಡ್ಡ ತಲೆನೋವಾಗಿತ್ತು. "ನಾರು ಕಡಿಮೆ ಇರುವ ಹಗುರ ಆಹಾರ" ಎಂದರೆ ನಮ್ಮವರು ಕುಚ್ಚಲಕ್ಕಿ ಗಂಜಿ ಉಣ್ಣುತ್ತಾರೆ! ದೊಡ್ಡಕರುಳು ಶುರುವಾಗುವ ಸೀಕಮ್‌ವರೆಗೂ ಕೆಂಪು ತೌಡಿನ ಚೂರು. ಒಮ್ಮೆ ಬಸಳೆಯ ನಾರು ಸ್ಕೋಪಿನ ಸಕ್ಷನ್ ಚಾನೆಲ್‌ನಲ್ಲಿ (ನೀರು ಹೀರುವ ಕೊಳವೆ) ಸಿಕ್ಕಿ, ಸ್ಕೋಪ್ ಹೊರತೆಗೆದು ಬ್ರಷ್ ಹಾಕುವವರೆಗೆ ರೋಗಿ ಮಂಚದಲ್ಲೇ ಕಾಯಬೇಕಾಯಿತು. ಈಗ ಚೀಟಿಯಲ್ಲಿ ಹೆಸರು ಹಿಡಿದೇ ಬರೆಯುತ್ತೇನೆ: ಬೆಳ್ತಿಗೆ (ಬಿಳಿ) ಅಕ್ಕಿ ಅನ್ನ, ನೀರುದೋಸೆ, ಮೊಸರು ಆಗುತ್ತದೆ, ಬಸಳೆ, ಹರಿವೆ, ಅಲಸಂಡೆ, ಟೊಮೆಟೊ ಬೇಡ. ಕಬ್ಬಿಣಾಂಶದ ಮಾತ್ರೆಯನ್ನು ಒಂದು ವಾರ ಮೊದಲೇ ನಿಲ್ಲಿಸಲು ವೈದ್ಯರಿಂದ ಬರೆಸುತ್ತೇನೆ.

ರುಚಿಗಾಗಿ ಏನೇನೋ ಮಾಡಿ ನೋಡಿದೆ. ಪುನರ್ಪುಳಿ ಶರಬತ್ತು ಬಾಯಿಗೆ ಹಿತ, ಆದರೆ ಆ ಕೆಂಪು ಕರುಳಿನಲ್ಲಿ ರಕ್ತದಂತೆ ಕಾಣುತ್ತದೆ, ಬಿಟ್ಟೆ. ದ್ರಾವಣಕ್ಕೆ ಸಕ್ಕರೆ ಬೆರೆಸಲು ನಾನು ಬಿಡುವುದಿಲ್ಲ: ಕರುಳಿನ ಬ್ಯಾಕ್ಟೀರಿಯಾ ಅದನ್ನು ಹುಳಿಯಿಸಿ ಹೈಡ್ರೋಜನ್ ಉಂಟುಮಾಡಬಹುದು, ಪಾಲಿಪ್ ಸುಡುವಾಗ ಅದು ಹೊತ್ತಿಕೊಳ್ಳುವ ಅಪಾಯವಿದೆ. ಮೊದಲು ಕರುಳು ತೊಳೆಯಲು ಕೊಡುತ್ತಿದ್ದ ಮ್ಯಾನಿಟಾಲ್ ಹಿಂದೆ ಬಿದ್ದದ್ದೂ ಇದೇ ಕಾರಣಕ್ಕೆ. ತಂಪು ಮಾಡಿ, ಗ್ಲಾಸಿನ ನಡುವೆ ನಿಂಬೆಯ ಹೋಳು ನೆಕ್ಕುವುದು ಎಲ್ಲಕ್ಕಿಂತ ಚೆನ್ನಾಗಿ ಹಿಡಿಯಿತು. ವಾಕರಿಕೆಯವರಿಗೆ ಕುಡಿಸುವ ಲಯದಲ್ಲಿ ನನ್ನದೇ ಒಂದು ಕ್ರಮವಿದೆ. ಅದನ್ನು ಜೊತೆಯಲ್ಲಿ ನಿಂತು ಕಲಿಯುವವರಿಗಷ್ಟೇ ತೋರಿಸುತ್ತೇನೆ. ಸೀಯಾಳ ಕೊಡಬಹುದು, ಕಿಡ್ನಿ ತೊಂದರೆಯವರಿಗೆ ಮಾತ್ರ ಬೇಡ, ಪೊಟ್ಯಾಸಿಯಂ ಏರುತ್ತದೆ.

ಬೆಳಿಗ್ಗೆ 9ಕ್ಕೆ ಫೋನ್ ಮಾಡಿ ಒಂದೇ ಪ್ರಶ್ನೆ ಕೇಳುತ್ತೇನೆ: "ಹಳದಿ ನೀರಿನಂತೆ, ತಳ ಕಾಣುವಷ್ಟು ತಿಳಿಯಾಗಿ ಹೋಗುತ್ತಿದೆಯೇ?" ಕದಡಿದೆ ಎಂದರೆ ಒಡನೆ ವೈದ್ಯರಿಗೆ ತಿಳಿಸುತ್ತೇನೆ, ಅವರು ಹೇಳಿದಷ್ಟು ಇನ್ನೂ ಕುಡಿಸಿ, ಅವರ ಸರದಿಯನ್ನು ಸಂಜೆಗೆ ತಳ್ಳುತ್ತೇನೆ.