ಮಗನಿಗೆ 18 ತುಂಬಿತಾ? ಗಾರ್ಡಿಯನ್‌ಶಿಪ್‌ಗೆ ಹೀಗೆ ಅರ್ಜಿ ಹಾಕಿ

ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್, ಅಂದರೆ ಹುಟ್ಟಿನಿಂದಲೇ ಬುದ್ಧಿ ಬೆಳವಣಿಗೆ ನಿಧಾನ. ಅವನಿಗೆ 18 ತುಂಬಿದ ಮೇಲೆ ಒಂದು ದಿನ ಅಮ್ಮ ಬ್ಯಾಂಕಿಗೆ ಹೋದವಳು ಬರಿಗೈಲಿ ವಾಪಸ್ ಬಂದಳು. ‘ಈಗ ಅವನು ಮೇಜರ್, ನಿಮ್ಮ ಸಹಿ ನಡೆಯೋದಿಲ್ಲ’ ಅಂದರಂತೆ. ಆ ಬೆಳಿಗ್ಗೆಯೂ ಅವನ ಅಂಗಿ ಗುಂಡಿ ಹಾಕಿದವಳು ಅವಳೇ. ಹೊಟ್ಟೆ ಉರಿಯುತ್ತೆ ಅಲ್ವಾ? ಆದರೆ ಕಾನೂನಿನ ಪ್ರಕಾರ ಹೆತ್ತವರು ಸಹಜ ಪೋಷಕರಾಗಿರುವುದು (ಗಾರ್ಡಿಯನ್, ಅಂದರೆ ಮಗುವಿನ ಪರವಾಗಿ ಸಹಿ ಹಾಕುವವರು) 18ರವರೆಗೆ ಮಾತ್ರ.

ಆಮೇಲೂ ಪೋಷಕರಾಗುವ ದಾರಿ 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆಯಲ್ಲಿದೆ. ಬುದ್ಧಿಮಾಂದ್ಯತೆ (ನನ್ನ ತಮ್ಮ ಬರುವುದು ಇದರಲ್ಲೇ), ಆಟಿಸಂ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲಿನ ಹಿಡಿತ ತಪ್ಪುವುದು), ಬಹುವಿಧ ಅಂಗವೈಕಲ್ಯ ಇರುವವರಿಗೆ ಇದು ಅನ್ವಯಿಸುತ್ತದೆ. ವಯಸ್ಸಾದವರ ಮರೆವಿನ ಕಾಯಿಲೆ, ಕೋಮಾ ಇದರಲ್ಲಿ ಬರುವುದಿಲ್ಲ.

ಮೊದಲು ಅಂಗವೈಕಲ್ಯ ಪ್ರಮಾಣಪತ್ರ ಅಥವಾ ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಸರಿಯಾಗಿದೆಯಾ ನೋಡಿಕೊಳ್ಳಿ. ಹೆಸರು, ಹುಟ್ಟಿದ ತಾರೀಖು ಆಧಾರ್‌ಗೆ ಹೊಂದಬೇಕು. ಆಮೇಲೆ ಜಿಲ್ಲೆಯ ಅಂಗವಿಕಲರ ಕಲ್ಯಾಣ ಕಚೇರಿಯಲ್ಲಿ ಪೋಷಕರನ್ನು ನೇಮಿಸುವ ‘ಲೋಕಲ್ ಲೆವೆಲ್ ಕಮಿಟಿ’ ಬಗ್ಗೆ ವಿಚಾರಿಸಿ. ಡಿಸಿಯವರೇ ಅದರ ಅಧ್ಯಕ್ಷರು. ಜೊತೆಗೆ ನೋಂದಾಯಿತ ಸಂಸ್ಥೆಯವರೊಬ್ಬರು, ಅಂಗವಿಕಲರೊಬ್ಬರು ಇರುತ್ತಾರೆ. ಅರ್ಜಿ ಹಾಕಬೇಕಾದದ್ದು ‘ಫಾರ್ಮ್ ಎ’ಯಲ್ಲಿ. ತಂದೆತಾಯಿ ತಾವೇ ಪೋಷಕರಾಗಬಹುದು, ಬೇರೆಯವರ ಹೆಸರನ್ನೂ ಕೊಡಬಹುದು. ಅಮ್ಮನಿಗೆ ಓಡಾಟ ಕಷ್ಟ, ಹಾಗಾಗಿ ನಾವು ಅಕ್ಕನಾದ ನನ್ನ ಹೆಸರು ಹಾಕಿದೆವು. ಹೆಣ್ಣುಮಗಳಿಗೆ ಒಂಟಿ ಗಂಡಸನ್ನು ಪೋಷಕನನ್ನಾಗಿ ನೇಮಿಸುವುದಿಲ್ಲ.

ಅರ್ಜಿಯಲ್ಲಿ ಜಾಸ್ತಿ ಗಮನ ಕೊಡಬೇಕಾದ್ದು ಒಂದಿದೆ. ಪೋಷಕರು ಬೇಕೇ, ಬೇಕಿದ್ದರೆ ಯಾವ ಯಾವ ಕೆಲಸಕ್ಕೆ ಎಂದು ಕಮಿಟಿ ನೋಡುತ್ತದೆ. ಸುಮ್ನೆ ‘ಎಲ್ಲದಕ್ಕೂ’ ಎಂದು ಬರೆಯಬೇಡಿ. ನಾವು ಬ್ಯಾಂಕ್, ಕುಟುಂಬ ಪಿಂಚಣಿ, ಅಪ್ಪನ ಮನೆಯಲ್ಲಿ ಅವನ ಪಾಲು ಎಂದಷ್ಟೇ ಬರೆದೆವು. ನನ್ನ ತಮ್ಮ ತನ್ನ ಅಂಗಿ ತಾನೇ ಆರಿಸುತ್ತಾನೆ, ಯಾರ ಮನೆಗೆ ಹೋಗಬೇಕು ಎಂದು ಅವನೇ ಹೇಳುತ್ತಾನೆ. ಅದನ್ನೆಲ್ಲ ಅವನಿಂದ ಕಿತ್ತುಕೊಳ್ಳಲು ನನಗೆ ಮನಸ್ಸಾಗಲಿಲ್ಲ. ಅರ್ಜಿ ಹಾಕುವ ಮೊದಲು ನಿಮ್ಮ ಮಗುವನ್ನೂ ಕೂರಿಸಿಕೊಂಡು ಕೇಳಿ. ಮಾತು ಬಾರದಿದ್ದರೂ ಇಷ್ಟಾನಿಷ್ಟ ಗೊತ್ತಾಗುತ್ತೆ.

ಕಮಿಟಿ ಸಭೆಯ ದಿನ ಮಗುವನ್ನೂ ಕರೆದುಕೊಂಡು ಹೋಗಿ. ನಮ್ಮಲ್ಲಿ ಮೊದಲ ಪ್ರಶ್ನೆ ಅವನಿಗೇ ಬಂತು: ‘ಯಾರ ಜೊತೆ ಇರ್ತೀಯಪ್ಪ?’ ಅವನು ಮಾತಾಡಲಿಲ್ಲ, ನನ್ನ ವ್ಯಾನಿಟಿ ಬ್ಯಾಗ್ ತೆಗೆದು ತನ್ನ ತೊಡೆ ಮೇಲೆ ಇಟ್ಟುಕೊಂಡ.

ಒಪ್ಪಿಗೆ ಆದರೆ ‘ಫಾರ್ಮ್ ಬಿ’ಯಲ್ಲಿ ನೇಮಕ ಪತ್ರ ಸಿಗುತ್ತದೆ. ಕೆಲಸ ಅಲ್ಲಿಗೆ ಮುಗಿಯುವುದಿಲ್ಲ. ಪೋಷಕರಾದವರು 6 ತಿಂಗಳೊಳಗೆ ಮಗುವಿನ ಆಸ್ತಿ, ಸಾಲದ ಪಟ್ಟಿಯನ್ನು ಕಮಿಟಿಗೆ ಕೊಡಬೇಕು. ಪ್ರತಿ ಆರ್ಥಿಕ ವರ್ಷ ಮುಗಿದ 3 ತಿಂಗಳೊಳಗೆ ಲೆಕ್ಕ ಒಪ್ಪಿಸಬೇಕು. ಕಡೆಗಣಿಸಿದರೆ, ಹಣ ದುರುಪಯೋಗ ಮಾಡಿದರೆ ಪೋಷಕರನ್ನು ತೆಗೆಯುವ ಅಧಿಕಾರ ಕಮಿಟಿಗೆ ಇದೆ. ಅದಕ್ಕೇ ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಥೈರಾಯ್ಡ್ ಮಾತ್ರೆ, ಚಪ್ಪಲಿ, ತಿಂಗಳ ಕಟಿಂಗ್, ಎಲ್ಲ ಅದರಲ್ಲಿ. ಪುಟದ ಕೆಳಗೆ ಅವನೂ ಒಂದು ಗೀಟು ಹಾಕುತ್ತಾನೆ.