ಹೊಸಬರಿಗೆ ಮೊದಲು ಬೀದಿ, ಆಮೇಲೆ ಕಡತ

ಬೆಂಗಳೂರಿನ ಪಾಲಿಕೆಗೆ ಹೊಸದಾಗಿ ಸೇರಿದ ದ್ವಿತೀಯ ದರ್ಜೆ ಸಹಾಯಕರನ್ನು ಕೆಲಸಕ್ಕೆ ಹಚ್ಚುವ ಹೊಣೆ ಹಲವು ವರ್ಷ ನನ್ನ ಮೇಲಿತ್ತು. ನೇಮಕಾತಿ ಆದೇಶ ಹಿಡಿದು ಬಂದವರು ಮೊದಲು ಕೇಳುವುದು, "ಮೇಡಂ, ನನ್ನ ಟೇಬಲ್ ಯಾವುದು?" ನಾನು ಆ ದಿನ ಟೇಬಲ್ ತೋರಿಸುತ್ತಿರಲಿಲ್ಲ. "ನಾಳೆ ಬೆಳಗ್ಗೆ ಆರೂವರೆಗೆ ಮಸ್ಟರಿಂಗ್ ಜಾಗಕ್ಕೆ ಬನ್ನಿ" ಎನ್ನುತ್ತಿದ್ದೆ.

ಅಲ್ಲಿ ಪೌರಕಾರ್ಮಿಕರು ಹಾಜರಿ ಹಾಕುವುದನ್ನು ನೋಡಬೇಕು. ಆಮೇಲೆ ಆಟೋ ಟಿಪ್ಪರ್ ಹಿಂದೆ ಒಂದು ಅಡ್ಡರಸ್ತೆ ಪೂರ್ತಿ ನಡೆಯಬೇಕು. ಹಸಿ ಕಸ, ಒಣ ಕಸ, ಸ್ಯಾನಿಟರಿ ಕಸ ಬೇರೆ ಮಾಡಿ ಕೊಡುವ ಮನೆ ಎಷ್ಟು, ಎಲ್ಲ ಒಂದೇ ಕವರಿಗೆ ತುಂಬಿ ಎಸೆಯುವ ಮನೆ ಎಷ್ಟು ಎಂದು ಎಣಿಸಬೇಕು. ಉತ್ತರ ಕರ್ನಾಟಕದಿಂದ ಬಂದ ಹುಡುಗನೊಬ್ಬ ಚಪ್ಪಲಿ ಹಾಕಿಕೊಂಡು ಬಂದಿದ್ದ. ಗುಡಿಸುತ್ತಿದ್ದ ಹಿರಿಯ ಹೆಂಗಸು ಅವನ ಕಾಲು ನೋಡಿ, "ಗಾಜು ಇರ್ತದೆ ಕಣಪ್ಪ, ಶೂ ಹಾಕ್ಕೊಂಡ್ ಬಾ" ಎಂದರು. ಅವರ ಕೈಯಲ್ಲಿ ಆ ಹೊತ್ತು ಗ್ಲೌಸ್ ಇರಲಿಲ್ಲ. ಹುಡುಗ ದಿನವಿಡೀ ಮಾತಾಡಲಿಲ್ಲ. ಮುಂದೆ ಅವನಿಗೆ ವೇತನ ಶಾಖೆ ಸಿಕ್ಕಿತು. ಪೌರಕಾರ್ಮಿಕರ ಹಾಜರಿ ಪಟ್ಟಿಯನ್ನು ಅವನು ಒಂದು ದಿನವೂ ಮೇಜಿನ ಮೇಲೆ ಕೊಳೆಯಲು ಬಿಟ್ಟವನಲ್ಲ.

ಎರಡನೆಯ ದಿನ ಒಂದು ವೃತ್ತದಲ್ಲಿ ನಿಲ್ಲಿಸಿ, ಕಣ್ಣಿಗೆ ಬೀಳುವ ಪ್ರತಿಯೊಂದೂ ಯಾರಿಗೆ ಸೇರಿದ್ದು ಎಂದು ಬರೆಸುತ್ತಿದ್ದೆ. ಬೀದಿದೀಪ ಪಾಲಿಕೆಯದು, ಅದರ ಪಕ್ಕದ ಟ್ರಾನ್ಸ್‌ಫಾರ್ಮರ್ ವಿದ್ಯುತ್ ಕಂಪನಿ ಬೆಸ್ಕಾಂನದು. ಮಳೆನೀರು ಚರಂಡಿ ನಮ್ಮದು, ರಸ್ತೆಯ ನಡುವಿನ ಒಳಚರಂಡಿ ಮುಚ್ಚಳ ಜಲಮಂಡಳಿಯದು. ಮರ ನಮ್ಮ ಅರಣ್ಯ ವಿಭಾಗಕ್ಕೆ, ಮರಕ್ಕೆ ಸಿಕ್ಕಿಕೊಂಡ ವಿದ್ಯುತ್ ತಂತಿ ಮತ್ತೆ ಬೆಸ್ಕಾಂಗೆ. ಬಿರುಗಾಳಿಗೆ ಕೊಂಬೆ ಬಿದ್ದರೆ ಇಬ್ಬರೂ ಬರಬೇಕು, ತಂತಿಯಲ್ಲಿ ಕರೆಂಟ್ ನಿಲ್ಲುವ ತನಕ ಮರ ಕಡಿಯುವವರು ಕೈ ಹಚ್ಚುವಂತಿಲ್ಲ. ಇಷ್ಟನ್ನು ಕಣ್ಣಾರೆ ಕಂಡವರು ಫೋನಿನಲ್ಲಿ ಜನರ ಮೇಲೆ ರೇಗುವುದು ಕಡಿಮೆ.

ಇದಕ್ಕೆ ಇಷ್ಟು ಒತ್ತು ಕೊಟ್ಟಿದ್ದಕ್ಕೆ ನನ್ನದೇ ತಪ್ಪೊಂದು ಕಾರಣ. ನಾನು ಮೊದಲು ಸೇರಿದ ಕಚೇರಿಗೆ ಒಬ್ಬ ಅಜ್ಜಿ ಬಂದು, ಮನೆ ಮುಂದೆ ಗಲೀಜು ನೀರು ನಿಲ್ಲುತ್ತದೆ ಎಂದರು. ಜಾಗ ನೋಡದೆಯೇ "ಇದು ನಮಗೆ ಬರಲ್ಲ" ಎಂದು ಬೇರೆ ಕಚೇರಿಗೆ ಕಳಿಸಿದೆ. ಅಲ್ಲಿಂದ ಅವರನ್ನು ಇನ್ನೊಂದೆಡೆಗೆ ಕಳಿಸಿದರು. ಮೂರನೇ ಸಲ ನನ್ನೆದುರು ಬಂದಾಗ ಅಜ್ಜಿ ಏನೂ ಕೇಳಲಿಲ್ಲ, ಸುಮ್ಮನೆ ಬೆಂಚಿನ ಮೇಲೆ ಕೂತರು. ಅವರ ಜೊತೆ ಹೋಗಿ ನೋಡಿದರೆ ಹೂಳು ತುಂಬಿದ್ದು ನಮ್ಮದೇ ಚರಂಡಿ. ಆ ನಾಚಿಕೆ ಇಂದಿಗೂ ಹೋಗಿಲ್ಲ.

ಹಡ್ಸನ್ ವೃತ್ತದ ಹತ್ತಿರ ತರಬೇತಿ ಇದ್ದ ದಿನ ಎಲ್ಲರನ್ನೂ ಕಂಠೀರವ ಕ್ರೀಡಾಂಗಣದ ಕಡೆಗೆ ಕರೆದೊಯ್ಯುತ್ತಿದ್ದೆ. ಅದು ಸಂಪಂಗಿ ಕೆರೆ ಇದ್ದ ಜಾಗ. ಕರಗದ ಪೂಜೆಗೆಂದು ಉಳಿದಿರುವ ಪುಟ್ಟ ಕೊಳವನ್ನು ಬಿಟ್ಟರೆ ಕೆರೆಯ ಗುರುತೇ ಇಲ್ಲ. ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಧರ್ಮಾಂಬುಧಿ ಕೆರೆ ಇತ್ತು. ನೀರು ಕೆರೆಯಿಂದ ಕೆರೆಗೆ ರಾಜಕಾಲುವೆಯಲ್ಲಿ ಇಳಿದು ಹೋಗುತ್ತಿದ್ದ ಊರಿದು. ಮನೆಗೆ ನೀರು ನುಗ್ಗಿತು ಎಂಬ ದೂರು ಬಂದಾಗ ಇಳಿಜಾರು ಯಾವ ಕಡೆಗಿದೆ ಎಂದು ಮೊದಲು ನೋಡಿ ಎಂದು ಅಲ್ಲೇ ನಿಂತು ಹೇಳಿದರೆ ತಲೆಗೆ ಹೋಗುತ್ತದೆ, ತರಗತಿಯಲ್ಲಿ ಹೇಳಿದರೆ ಹೋಗುವುದಿಲ್ಲ.

ಪಾಲಿಕೆಯ ಚುನಾಯಿತ ಕೌನ್ಸಿಲ್ ಬಗ್ಗೆ ವಿವರಿಸುವುದು ಕಷ್ಟವಾಗಿತ್ತು. 2020ರ ಸೆಪ್ಟೆಂಬರ್‌ನಲ್ಲಿ ಚುನಾಯಿತ ಸದಸ್ಯರ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. ಆಮೇಲೆ ಸೇರಿದವರು ಕಾರ್ಪೊರೇಟರ್ ಕಚೇರಿಗೆ ಬಂದದ್ದನ್ನೇ ಕಂಡಿರಲಿಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ (ಬಿಬಿಎಂಪಿ) ಜಾಗದಲ್ಲಿ ಐದು ನಗರಪಾಲಿಕೆಗಳೂ ಅವುಗಳ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವೂ ಬಂದವು. "ಮೇಡಂ, ಈಗ ನಾವು ಯಾರ ನೌಕರರು?" ಎಂದು ಒಬ್ಬ ಕೇಳಿದ. ಆಡಳಿತದ ನಕ್ಷೆ ಬಿಡಿಸಿ ತೋರಿಸಿದೆ. ಬೋರ್ಡು ಬದಲಾದರೂ ಕೌಂಟರಿನ ಆಚೆ ನಿಲ್ಲುವವರು ಅದೇ ಜನ ಎಂದೂ ಹೇಳಿದೆ.

ಕಡತಕ್ಕೆ ಬಂದ ಮೇಲೆ ನಾನು ಹೆಚ್ಚು ಹೊತ್ತು ಕೊಟ್ಟದ್ದು ಹಿಂಬರಹಕ್ಕೆ, ಅಂದರೆ ಅರ್ಜಿದಾರರಿಗೆ ಕಚೇರಿ ಕೊಡುವ ಲಿಖಿತ ಉತ್ತರಕ್ಕೆ. ಸೇವೆಯನ್ನು ನಿಗದಿತ ದಿನದೊಳಗೆ ಕೊಡಬೇಕೆನ್ನುವ ಸಕಾಲ ಕಾಯ್ದೆಯ ಗಡುವು, ತಡವಾದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿವರೆಗೆ ಪರಿಹಾರ, ಇವೆಲ್ಲ ಬೇಗ ಕಲಿಯುತ್ತಾರೆ. ಖಾತೆ ಎಂದರೆ ತೆರಿಗೆಯ ಲೆಕ್ಕ, ಅದೇ ಹಕ್ಕುಪತ್ರವಾಗದು ಎಂಬುದನ್ನೂ ಹಿಡಿಯುತ್ತಾರೆ. ಆದರೆ ಹಳೆಯ ಕಡತ ನೋಡಿ ನಕಲು ಮಾಡುವ ಚಾಳಿ ಬಿಡಿಸುವುದು ಸುಲಭವಲ್ಲ. ಗಂಡ ತೀರಿಕೊಂಡ ಒಬ್ಬರು ಖಾತೆ ವರ್ಗಾವಣೆಗೆ ಅರ್ಜಿ ಕೊಟ್ಟಿದ್ದರು. ಹೊಸ ಹುಡುಗಿ ಬರೆದು ತಂದದ್ದು: "ಸದರಿ ಅರ್ಜಿಯನ್ನು ಪರಿಶೀಲಿಸಲಾಗಿ, ಸೂಕ್ತ ದಾಖಲೆಗಳನ್ನು ಲಗತ್ತಿಸದ ಕಾರಣ ವಿಲೇಗೊಳಿಸಲಾಗಿದೆ."

"ಇದನ್ನು ನಿಮ್ಮ ಅಮ್ಮ ಓದಿದರೆ ಮುಂದೆ ಏನು ಮಾಡಬೇಕು ಅಂತ ಗೊತ್ತಾಗುತ್ತಾ?" ಎಂದೆ. ಸ್ವಲ್ಪ ಹೊತ್ತು ಕೂತು, ಹರಿದು, ಮತ್ತೆ ಬರೆದಳು: "ನಿಮ್ಮ ಪತಿಯ ಮರಣ ಪ್ರಮಾಣಪತ್ರ ಬಂದಿದೆ. ವಂಶವೃಕ್ಷ ಬೇಕಾಗಿದೆ. ಅದಕ್ಕೆ ನಾಡಕಚೇರಿಯಲ್ಲಿ ಅರ್ಜಿ ಹಾಕಿ. ಬಂದ ಮೇಲೆ ಇದೇ ಕೌಂಟರಿಗೆ ಕೊಡಿ."

ಕೆಲವು ವಾರಗಳ ನಂತರ ಆ ತಾಯಿ ವಂಶವೃಕ್ಷ ಹಿಡಿದು ಬಂದರು. ನಾಲ್ಕು ಮಡಿಕೆಯಾಗಿದ್ದ ಹಿಂಬರಹದ ಹಾಳೆಯೂ ಕೈಯಲ್ಲಿತ್ತು. ಹುಡುಗಿ ಎದ್ದು ಕುರ್ಚಿ ಎಳೆದುಕೊಟ್ಟಳು. ಆ ಕಡತದ ಟಿಪ್ಪಣಿಯನ್ನು ಅವಳ ಕೈಯಿಂದಲೇ ಬರೆಸಿದೆ.