ಕಿರುಚಿತ್ರ ಮಾಡುವವರೇ, ಮೊದಲು ಕಾಗದ, ಆಮೇಲೆ ಕ್ಯಾಮೆರಾ

ಕಾಲೇಜಿನ ಕಿರುಚಿತ್ರಕ್ಕೆ ಯಾರದೋ ಸಣ್ಣಕಥೆಯನ್ನು ಆರಿಸಿಕೊಂಡಿದ್ದರೆ, ಮೊದಲು ಲೇಖಕರು ತೀರಿಕೊಂಡ ವರ್ಷವನ್ನು ನೋಡಿ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಅದರ ಮರುವರ್ಷದಿಂದ 60 ವರ್ಷ ಹಕ್ಕು ಜೀವಂತ. ಹಕ್ಕುದಾರರ ಒಪ್ಪಿಗೆ ಬರಹದಲ್ಲಿರಲಿ. ಫೋನಿನಲ್ಲಿ ‘ಆಗಲಿ, ಮಾಡಿಕೊಳ್ಳಿ’ ಎಂದದ್ದು ಸಾಲದು. ಪತ್ರದಲ್ಲಿ ಅವಧಿ ಬರೆಯದಿದ್ದರೆ ಕಾನೂನು ಅದನ್ನು 5 ವರ್ಷವೆಂದೂ, ಪ್ರದೇಶ ಬರೆಯದಿದ್ದರೆ ಭಾರತದೊಳಗೆ ಮಾತ್ರವೆಂದೂ ಎಣಿಸುತ್ತದೆ. ಹೊರದೇಶದ ಚಿತ್ರೋತ್ಸವದ ಆಸೆಯಿದ್ದರೆ ಇದು ಕಾಲಿಗೆ ತೊಡರುತ್ತದೆ.

‘ಹತ್ತು ಸೆಕೆಂಡಿನ ಹಾಡಾದರೆ ಪರವಾಗಿಲ್ಲ’ ಎನ್ನುವುದು ಹಾಸ್ಟೆಲಿನಲ್ಲಿ ಹುಟ್ಟಿದ ಕಾನೂನು, ಕಾಯ್ದೆಯಲ್ಲಿ ಇಲ್ಲ. ಅದರ ಬದಲು ಹೊಸದಾಗಿ ಸಂಗೀತ ನುಡಿಸಲು ಕೊಳಲು ಬಲ್ಲ ಸಹಪಾಠಿಯೊಬ್ಬರನ್ನು ಹಿಡಿಯಿರಿ.

ಒಮ್ಮೆ ನಮ್ಮ ತಂಡ ಮಾರುಕಟ್ಟೆಯಲ್ಲಿ ಹೂ ಕಟ್ಟುವ ಅಜ್ಜಿಯನ್ನು ಚಿತ್ರೀಕರಿಸಿತು. ಬಾಳೆನಾರು, ಚುರುಕು ಬೆರಳು, ಆಮೇಲೆ ಮುಖ. ಅವರು ನಕ್ಕರು, ನಾವು ಅದನ್ನೇ ಒಪ್ಪಿಗೆ ಎಂದುಕೊಂಡೆವು. ಸಂಕಲನದಲ್ಲಿ ಆ ಮುಖದ ಮೇಲೆ ಬಡತನದ ಕುರಿತ ನಿರೂಪಣೆ ಬಂದು ಕೂತಿತು. ತೋರಿಸಿದಾಗ, ‘ನಾನೇನು ಬೇಡಿ ತಿನ್ನುವವಳೇನಪ್ಪಾ?’ ಎಂದರು. ಆ ದೃಶ್ಯವನ್ನು ತೆಗೆದೆವು. ಈಗ ಚಿತ್ರ ಯಾವುದರ ಬಗ್ಗೆ ಎಂದು ಮೊದಲೇ ಹೇಳುತ್ತೇವೆ. ಓದು ಬಾರದವರ ಒಪ್ಪಿಗೆಯನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇವೆ. ಮಕ್ಕಳಿದ್ದರೆ ಪೋಷಕರ ಸಹಿ ಬೇಕು, ಜೊತೆಗೆ ಮಗುವಿಗೂ ಮನಸ್ಸಿರಬೇಕು.

ರೈಲು ನಿಲ್ದಾಣದಲ್ಲಿ ಚಿತ್ರೀಕರಿಸಲು ರೈಲ್ವೆಯ ಅನುಮತಿ ಬೇಕು, ಪ್ಲಾಟ್‌ಫಾರಂ ಟಿಕೆಟ್ ಸಾಲದು. ಆಟಿಕೆ ಪಿಸ್ತೂಲು ಹಿಡಿದು ಬೀದಿಗಿಳಿಯುವುದಿದ್ದರೆ ಹತ್ತಿರದ ಠಾಣೆಗೆ ಮುಂಚೆಯೇ ತಿಳಿಸಿ. ದೂರದಿಂದ ನೋಡುವವರಿಗೆ ಅದು ಆಟಿಕೆ ಎಂದು ಗೊತ್ತಾಗುವುದಿಲ್ಲ.